ಹಳೆಯ ಕನ್ನಡ ಕಡತ ತೆರೆದಾಗ ಅಕ್ಷರಗಳೇಕೆ ಕಲಸಿಹೋಗುತ್ತವೆ?

(ಪರದೆಯ ಮೇಲೆ: ಮೊಬೈಲಿನಲ್ಲಿ ತೆರೆದ ಒಂದು ವರ್ಡ್ ಕಡತ, ಅದರ ಮೊದಲ ಸಾಲು ದೊಡ್ಡದಾಗಿ)

ನಮಸ್ಕಾರ. ಪರದೆಯ ಮೇಲಿರುವ ಈ ಪದವನ್ನು ಒಮ್ಮೆ ಗಮನಿಸಿ. ಮೊದಲಿಗೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬಳಿಕ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೆರೆ ಹೊತ್ತ ಎ. ಇವಿಷ್ಟೂ ಸೇರಿ ಆಗಿರುವ ಪದ ‘ಕನ್ನಡ’.

ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅಮ್ಮ ನೆನಪಿನಿಂದ ಹೇಳಿ, ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿಟ್ಟಿದ್ದರು. ಎಷ್ಟೋ ವರ್ಷಗಳ ನಂತರ ಆ ಕಡತವನ್ನು ತೆರೆದಾಗ ಪುಟದ ತುಂಬ ಇಂತಹ ಚಿಹ್ನೆಗಳೇ ಕಂಡವು. ಎಲ್ಲವೂ ಹಾಳಾಯಿತೆಂದು ಅಮ್ಮ ಮರುಗಿದರು. ಆದರೆ ಒಂದಕ್ಷರವೂ ಹಾಳಾಗಿರಲಿಲ್ಲ. ನಿಮ್ಮಲ್ಲೂ ಇಂತಹ ಕಡತವಿದ್ದರೆ ದಯವಿಟ್ಟು ಅಳಿಸಬೇಡಿ, ಹೊಸದಾಗಿ ಟೈಪ್ ಮಾಡಿಸುವ ಖರ್ಚಿಗೂ ಹೋಗಬೇಡಿ.

(ಪರದೆಯ ಮೇಲೆ: ಎಡಕ್ಕೆ 80, ಬಲಕ್ಕೆ 3221)

ನಡೆದಿರುವುದು ಇಷ್ಟು. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ, ಮತ್ತು 80 ಎಂಬ ಸಂಖ್ಯೆ ಇಂಗ್ಲಿಷಿನ ದೊಡ್ಡ ಪಿ ಅಕ್ಷರದ್ದು. ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ ನುಡಿಯಂತಹ ತಂತ್ರಾಂಶಗಳ ಫಾಂಟುಗಳು ಆ 80ರ ಮನೆಯಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರವನ್ನೂ, ಗೆರೆ ಹೊತ್ತ ಎ ಇರುವ ಮನೆಯಲ್ಲಿ ತಲೆಕಟ್ಟನ್ನೂ, ಜರ್ಮನ್ ಅಕ್ಷರದ ಮನೆಯಲ್ಲಿ ನಕಾರದ ಒತ್ತನ್ನೂ ಕೂರಿಸಿದವು. ಆ ಫಾಂಟ್ ಇರುವವರೆಗೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಮೊಬೈಲಿಗೆ ಹೋದೊಡನೆ ವೇಷ ಕಳಚಿ ಇಂಗ್ಲಿಷ್ ಅಕ್ಷರ ಎದುರಾಗುತ್ತದೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ದೊರೆತಿದ್ದವು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ಅದು ಬೇರೆ ಯಾವ ಭಾಷೆಯ ಅಕ್ಷರದ್ದೂ ಅಲ್ಲ.

ಪರಿಹಾರಕ್ಕೆ ಮುನ್ನ ರೋಗ ಯಾವುದೆಂದು ಗುರುತಿಸಬೇಕು. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ಫಾಂಟಿನ ಕಡತ. ಬರಿಯ ಚೌಕಾಕಾರದ ಡಬ್ಬಿಗಳು ಕಂಡರೆ ಬರಹ ಯೂನಿಕೋಡಿನಲ್ಲೇ ಇರುವುದು ಬಹುಮಟ್ಟಿಗೆ ಖಚಿತ, ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೆ. ಒಂದು ಯೂನಿಕೋಡ್ ಫಾಂಟ್ ಸೇರಿಸಿದರೆ ಸರಿಹೋಗುತ್ತದೆ.

ಹಳೆಯ ಫಾಂಟಿನ ಕಡತವನ್ನು ಮುದ್ರಿಸಿದರೆ ಸಾಕೆನ್ನುವವರು ಆ ಫಾಂಟನ್ನೇ ಕಂಪ್ಯೂಟರಿಗೆ ಹಾಕಿಕೊಂಡು, ಪಿಡಿಎಫ್ ಮಾಡಿ ಕಳುಹಿಸಬಹುದು. ಆದರೆ ನನ್ನ ಅಭಿಪ್ರಾಯದಲ್ಲಿ ಇದು ತಾತ್ಕಾಲಿಕ ಉಪಾಯ ಮಾತ್ರ. ಆ ಪಿಡಿಎಫ್‌ನಲ್ಲಿ ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ, ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಆದ್ದರಿಂದ ಯೂನಿಕೋಡಿಗೆ ಪರಿವರ್ತಿಸುವುದೇ ಸರಿಯಾದ ದಾರಿ. ಬರಹ ತಂತ್ರಾಂಶದಲ್ಲಿ ಪರಿವರ್ತಕವಿದೆ, ಅಂತರ್ಜಾಲದಲ್ಲಿಯೂ ಉಚಿತ ಪರಿವರ್ತಕಗಳಿವೆ. ಕ್ರಯಪತ್ರ, ಉಯಿಲಿನಂತಹ ಖಾಸಗಿ ದಾಖಲೆಗಳನ್ನು ಮಾತ್ರ ಅಪರಿಚಿತ ಜಾಲತಾಣಕ್ಕೆ ಅಂಟಿಸದೆ, ಕಂಪ್ಯೂಟರಿನಲ್ಲೇ ಕೆಲಸ ಮಾಡುವ ತಂತ್ರಾಂಶದಿಂದ ಪರಿವರ್ತಿಸಿಕೊಳ್ಳಿ.

(ಪರದೆಯ ಮೇಲೆ: ‘ಕನಾರ್ಟಕ’, ‘ಧಮರ್’ ಪದಗಳು ಕೆಂಪು ಬಣ್ಣದಲ್ಲಿ)

ಪರಿವರ್ತಿಸಿದ ಮೇಲೆ ಎಲ್ಲಕ್ಕಿಂತ ಮೊದಲು ಅರ್ಕಾವತ್ತುಗಳನ್ನು ಪರಿಶೀಲಿಸಿ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅರ್ಕಾವತ್ತು ವ್ಯಂಜನದ ನಂತರ ಕುಳಿತಿರುತ್ತದೆ, ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಲ್ಲಿ ‘ರ್’ ಮೊದಲು ಬರಬೇಕು. ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದ ಪರಿವರ್ತಕದಿಂದಲೇ ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ಧರ್ಮ’ ಹೋಗಿ ‘ಧಮರ್’ ಆಗುವುದು. ಜಾಲತಾಣಗಳಲ್ಲಿ ಇಂತಹ ಪದಗಳನ್ನು ನೀವೂ ಕಂಡಿರಬಹುದು. ಇನ್ನು ಕಡತದ ನಡುವೆ ನಿಜವಾಗಿಯೇ ಇಂಗ್ಲಿಷಿನಲ್ಲಿದ್ದ ಹೆಸರು, ಇಮೇಲ್ ವಿಳಾಸಗಳನ್ನೂ ಪರಿವರ್ತಕ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಿಸಿಬಿಡುತ್ತದೆ. ಅವನ್ನು ಮೊದಲೇ ಗುರುತು ಹಾಕಿಟ್ಟುಕೊಂಡು, ಕೊನೆಯಲ್ಲಿ ಕೈಯಾರೆ ಸೇರಿಸುವುದು ಒಳ್ಳೆಯದು. ಒಂದೊಂದು ಸಾಲನ್ನೂ ಮೂಲದೊಂದಿಗೆ ಹೋಲಿಸಿ ನೋಡುವವರೆಗೆ ಹಳೆಯ ಕಡತವನ್ನು ಹಾಗೆಯೇ ಉಳಿಸಿಕೊಳ್ಳಿ.

ಇನ್ನು ಮುಂದೆ ಟೈಪ್ ಮಾಡುವಾಗ ನುಡಿ ಮತ್ತು ಬರಹದ ಹೊಸ ಆವೃತ್ತಿಗಳಲ್ಲಿರುವ ಯೂನಿಕೋಡ್ ಆಯ್ಕೆಯನ್ನೇ ಬಳಸಿ. ಕೀಲಿಮಣೆಯ ವಿನ್ಯಾಸ ಬದಲಾಗುವುದಿಲ್ಲವಾದ್ದರಿಂದ ಬೆರಳುಗಳಿಗೆ ಹೊಸ ಅಭ್ಯಾಸವೇನೂ ಬೇಕಿಲ್ಲ.

(ಪರದೆಯ ಮೇಲೆ: ಅದೇ ಕಡತ, ಈಗ ಕನ್ನಡದಲ್ಲಿ)

ಅಮ್ಮನ ಕಡತದ ಅರ್ಕಾವತ್ತುಗಳನ್ನೆಲ್ಲ ತಿದ್ದಲು ನನಗೆ ಎರಡು ಸಂಜೆ ಹಿಡಿಯಿತು. ಈಗ ಅಮ್ಮ ತಮ್ಮ ಮೊಬೈಲಿನಲ್ಲೇ ‘ಸೋಬಾನೆ’ ಎಂದು ಹುಡುಕಿ, ಬೇಕಾದ ಪದವನ್ನು ತೆಗೆದು ಓದಿಕೊಳ್ಳುತ್ತಾರೆ.