ಗ್ಯಾಸ್ ಹಾಕಿಸುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ಬಂತೆಂದರೆ ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಹೊತ್ತಲ್ಲೇ ಕಾರಿನ ಎ.ಸಿ. ಕೈಕೊಡುತ್ತದೆ. ಸೀದಾ ಗ್ಯಾರೇಜಿಗೆ ಹೋಗಿ, ‘ಗ್ಯಾಸ್ ಖಾಲಿಯಾಗಿರಬೇಕು, ಹಾಕಿಬಿಡಿ’ ಎನ್ನುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ. ಈ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವಂಥದ್ದಲ್ಲ. ಮುಚ್ಚಿದ ಪೈಪುಗಳೊಳಗೇ ಸುತ್ತುತ್ತಿರುತ್ತದೆ. ಪ್ರತಿ ಬೇಸಿಗೆಗೂ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮೊದಲು ಒಂದು ಗಮನಿಸಿ. ಗಾಳಿಯೇ ಕಡಿಮೆ ಬರುತ್ತಿದೆಯೋ, ಇಲ್ಲ ಗಾಳಿ ಜೋರಾಗಿದ್ದೂ ತಂಪಿಲ್ಲವೋ? ಗಾಳಿಯೇ ಕಡಿಮೆಯಿದ್ದರೆ, ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಹೊರಗೆಳೆದರೆ ಮಡಿಕೆ ಮಡಿಕೆಯಲ್ಲೂ ಕಪ್ಪು ಧೂಳು, ಒಣಗಿದ ಎಲೆ ಚೂರು. ಹೊಸದು ಹಾಕಿದರೆ ಮುಗಿಯಿತು.

ಇನ್ನು ಕೆಲವು ಕಾರುಗಳು ಹೈವೇಯಲ್ಲಿ ಚೆನ್ನಾಗಿ ತಂಪಾಗುತ್ತವೆ, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಗಾಳಿ. ಇದು ತುಂಬಾ ಒಳ್ಳೆಯ ಸುಳಿವು. ರೇಡಿಯೇಟರಿನ ಮುಂದೆ ಕಂಡೆನ್ಸರ್ ಇರುತ್ತದೆ. ಒಳಗಿನ ಬಿಸಿಯನ್ನು ಹೊರಗೆ ಬಿಡುವುದು ಅದೇ. ಕಾರು ಓಡುವಾಗ ಅದಕ್ಕೆ ಗಾಳಿ ತಾನಾಗಿ ಬಡಿಯುತ್ತದೆ. ನಿಂತಾಗ ಫ್ಯಾನೇ ಗತಿ. ಹಾಗಾಗಿ ಬಾನೆಟ್ ಎತ್ತಿ, ಎ.ಸಿ. ಹಾಕಿ, ಫ್ಯಾನ್ ತಿರುಗುತ್ತಾ ನೋಡಿ. ಕೈ, ಸೆರಗು, ದುಪಟ್ಟಾ ದೂರ ಇರಲಿ. ಫ್ಯಾನ್ ಸರಿಯಿದ್ದರೆ ಕಂಡೆನ್ಸರಿಗೆ ಮಣ್ಣು, ಹುಳ ಮೆತ್ತಿಕೊಂಡಿರಬಹುದು. ಇಂಜಿನ್ ಆರಿದ ಮೇಲೆ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ನೀರು ಬೇಡ, ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇಷ್ಟೆಲ್ಲ ಸರಿಯಿದ್ದರೂ ತಂಪಿಲ್ಲ ಅಂದಾಗ ಮಾತ್ರ ಗ್ಯಾಸಿನ ಮಾತು. ಆಗಲೂ ಮೊದಲು ಲೀಕ್ ಟೆಸ್ಟ್ ಮಾಡಿಸಿ. ಗ್ಯಾಸಿನ ಜೊತೆ ಆಯಿಲ್ ಕೂಡ ಸುತ್ತುವುದರಿಂದ, ಪೈಪಿನ ಜಾಯಿಂಟಿನಲ್ಲಿ ಜಿಡ್ಡು ಕಂಡರೆ ಅಲ್ಲೇ ಸೋರಿಕೆ ಇರುವ ಸಾಧ್ಯತೆ ಜಾಸ್ತಿ. ಸೋರುವ ಕಾರಿಗೆ ಸುಮ್ನೆ ತುಂಬಿಸಿದರೆ ದುಡ್ಡೊಂದೇ ಅಲ್ಲ ಹೋಗುವುದು. ಬಹಳ ಕಾರುಗಳಲ್ಲಿರುವ ಆರ್-134ಎ ಗ್ಯಾಸ್, ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿ ಭೂಮಿಯನ್ನು ಬಿಸಿ ಮಾಡುತ್ತದೆ. ನಮ್ಮ ತಂಪಿಗೆ ಹಾಕಿಸಿದ್ದು ಹೊರಗಿನ ಸೆಕೆ ಹೆಚ್ಚಿಸಬಾರದು ಅಲ್ವಾ?

ಸೋರಿಕೆ ಸರಿಮಾಡಿದ ಮೇಲೆ, ಪೈಪಿನೊಳಗಿನ ಗಾಳಿ, ತೇವ ತೆಗೆಯಲು ವ್ಯಾಕ್ಯೂಮ್ ಹಾಕಲೇಬೇಕು. ಬಳಿಕ ತೂಕ ಮಾಡಿಯೇ ಗ್ಯಾಸ್ ತುಂಬಿಸಿ. ಎಷ್ಟು ಗ್ರಾಂ ಎಂದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ. ಹಾಕಿದ ಗ್ರಾಂ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಮುಂದಿನ ಸಲ ಕೆಲಸಕ್ಕೆ ಬರುತ್ತದೆ.

ನಮಸ್ಕಾರ.