ಹಳೇ ನೆಂಟನ ಮೇಲೆ ಕಳ್ಳನೆಂಬ ಅನುಮಾನ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತನ್ನು ಒಂದು ಒಗಟಿನಿಂದ ಶುರು ಮಾಡುತ್ತೇನೆ. ಅಪಘಾತದಲ್ಲಿ ಯಾರಿಗೋ ಜೋರು ಪೆಟ್ಟು ಬಿದ್ದಿದೆ ಅಂದುಕೊಳ್ಳಿ. ಮೂಳೆ ಮುರಿದಿದೆ, ಮಾಂಸಖಂಡ ಜಜ್ಜಿಹೋಗಿದೆ. ಆದರೆ ಚರ್ಮ ಎಲ್ಲೂ ಹರಿದಿಲ್ಲ, ಕೊಳೆ ಒಳಗೆ ಹೋಗಿಲ್ಲ. ಆದರೂ ಜ್ವರ ಏರುತ್ತದೆ, ಎದೆಬಡಿತ ಜಾಸ್ತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ನೋಡಿದರೆ ರಕ್ತಕ್ಕೆ ಸೋಂಕು ತಗುಲಿದವರ ಹಾಗೇ ಇದೆ. ಪರೀಕ್ಷೆ ಮಾಡಿದರೆ ಒಂದು ಬ್ಯಾಕ್ಟೀರಿಯವೂ ಸಿಗುವುದಿಲ್ಲ. ಹಾಗಾದರೆ ದೇಹ ಯಾರ ಜೊತೆ ಜಗಳಕ್ಕೆ ನಿಂತಿದೆ?

2010ರಲ್ಲಿ ಬೋಸ್ಟನ್ನಿನ ಸಂಶೋಧಕರು ಇಂಥ ಗಾಯಾಳುಗಳ ರಕ್ತದಲ್ಲಿ ಬೇರೊಂದನ್ನು ಹುಡುಕಿದರು. ಅದು ರಾಶಿ ರಾಶಿ ಸಿಕ್ಕಿತು. ಒಡೆದುಹೋದ ಜೀವಕೋಶಗಳಿಂದ ಹೊರಗೆ ಚೆಲ್ಲಿದ ಮೈಟೋಕಾಂಡ್ರಿಯದ ಚೂರುಗಳು, ಅದರ ಡಿಎನ್‌ಎ. ದೇಹದ ಕಾವಲುಗಾರರು ಇವನ್ನೇ ಬ್ಯಾಕ್ಟೀರಿಯ ಎಂದು ತಿಳಿದು ಗಲಾಟೆ ಎಬ್ಬಿಸಿದ್ದರು.

ಮೈಟೋಕಾಂಡ್ರಿಯ ಅಂದ ಕೂಡಲೇ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಾಗುತ್ತದೆ, ಅಲ್ವಾ? ‘ಜೀವಕೋಶದ ಶಕ್ತಿಕೇಂದ್ರ.’ ಮಾತು ಸರಿಯೇ. ನಾವು ತಿಂದ ಅನ್ನವನ್ನೂ ಎಳೆದುಕೊಂಡ ಆಮ್ಲಜನಕವನ್ನೂ ಸೇರಿಸಿ ಎಟಿಪಿ ಎಂಬ ಇಂಧನ ಮಾಡಿಕೊಡುವುದು ಅದೇ. ಒಂದು ದಿನದಲ್ಲಿ ನಮ್ಮ ದೇಹ ಮಾಡಿ, ಖರ್ಚು ಮಾಡಿ, ಮತ್ತೆ ಮಾಡುವ ಎಟಿಪಿಯನ್ನೆಲ್ಲ ಕೂಡಿ ತೂಗಿದರೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟೇ ಆಗುತ್ತದೆ. ಆದರೆ ಆ ಒಂದು ಸಾಲಿನಲ್ಲಿ ಮುಖ್ಯವಾದ ವಿಷಯವೇ ಬಿಟ್ಟುಹೋಗಿದೆ. ಅದು ಯಾರು, ಎಲ್ಲಿಂದ ಬಂತು ಎನ್ನುವುದು.

ಸುಮಾರು 150ರಿಂದ 200 ಕೋಟಿ ವರ್ಷಗಳ ಹಿಂದೆ ಅದು ತನ್ನ ಪಾಡಿಗೆ ತಾನು ಬದುಕುತ್ತಿದ್ದ ಒಂದು ಬ್ಯಾಕ್ಟೀರಿಯ. ಇನ್ನೊಂದು ಜೀವಕೋಶದ ಒಳಗೆ ಸೇರಿಕೊಂಡಿತು. ಅಲ್ಲೇ ಉಳಿಯಿತು. 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ ವಿಜ್ಞಾನಿ ಈ ವಾದವನ್ನು ವಿವರವಾಗಿ ಮುಂದಿಟ್ಟರು. ಅದಕ್ಕೂ ಮೊದಲು ಹತ್ತಕ್ಕೂ ಹೆಚ್ಚು ಪತ್ರಿಕೆಗಳು ಆ ಲೇಖನವನ್ನು ಹಿಂದಕ್ಕೆ ಕಳಿಸಿದ್ದವಂತೆ. ಈಗ ಅದು ಪಠ್ಯಪುಸ್ತಕದ ಮಾತು.

ಈ ನೆಂಟ ಬರುವಾಗ ತಂದ ಗಂಟನ್ನು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಬಹುಪಾಲು ಜೀನ್‌ಗಳು ಕಾಲಕ್ರಮದಲ್ಲಿ ಜೀವಕೋಶದ ನ್ಯೂಕ್ಲಿಯಸ್ಸಿಗೆ ಹೋದವು. ಮೈಟೋಕಾಂಡ್ರಿಯದ ಬಳಿ 37 ಮಾತ್ರ ಉಳಿದವು. ಅದರ ಡಿಎನ್‌ಎ ಇವತ್ತಿಗೂ ಬ್ಯಾಕ್ಟೀರಿಯದ್ದರ ಹಾಗೆ ಬಳೆಯಂತೆ ದುಂಡಗಿದೆ. ಅದು ಪ್ರೋಟೀನ್ ಕಟ್ಟಲು ಶುರು ಮಾಡುವಾಗ ಮೊದಲು ಇಡುವ ಅಮೈನೋ ಆಮ್ಲಕ್ಕೆ ಫಾರ್ಮೈಲ್ ಎಂಬ ಒಂದು ಗುರುತು ಅಂಟಿರುತ್ತದೆ. ಬ್ಯಾಕ್ಟೀರಿಯಗಳೂ ಹೀಗೇ ಮಾಡುತ್ತವೆ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯವನ್ನು ಪತ್ತೆಹಚ್ಚುವುದು ಇಂಥ ಗುರುತುಗಳಿಂದಲೇ. ನೆಂಟ ಒಳಮನೆಯಲ್ಲಿ ಇರುವವರೆಗೆ ಯಾರೂ ಕೇಳುವುದಿಲ್ಲ. ಅವನ ಗಂಟು ಬಾಗಿಲಾಚೆ ಬಿತ್ತೋ, ಕಾವಲುಗಾರ ಕೋಲು ಎತ್ತುತ್ತಾನೆ.

ಅಪಘಾತದಲ್ಲಿ ಇದು ಒಮ್ಮೆಲೇ ಆಗುತ್ತದೆ. ವಯಸ್ಸಾದಂತೆ ಇದೇ ಕೆಲಸ ತೊಟ್ಟು ತೊಟ್ಟಾಗಿ ನಡೆಯುತ್ತದೆ. ನನಗೆ ಈ ವಿಷಯ ಇಷ್ಟವಾಗಿದ್ದು ಇದಕ್ಕೇ.

ವಯಸ್ಸಾದವರ ರಕ್ತದಲ್ಲಿ ಸೋಂಕು ಇಲ್ಲದಿದ್ದರೂ ಉರಿಯೂತದ ಸಂಕೇತಗಳು ಸ್ವಲ್ಪ ಏರಿಯೇ ಇರುತ್ತವೆ. ಜ್ವರ ಇಲ್ಲ, ಕಣ್ಣಿಗೆ ಕಾಣುವ ಬಾವು ಇಲ್ಲ. ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಉರಿ. ಇಟಲಿಯ ಕ್ಲಾಡಿಯೋ ಫ್ರಾನ್ಸೆಸ್ಕಿ 2000ದಲ್ಲಿ ಇದಕ್ಕೆ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಉರಿಯೂತ ಮತ್ತು ಮುಪ್ಪು ಎರಡನ್ನೂ ಹೊಸೆದ ಪದ. ಹೃದ್ರೋಗ, ಸಕ್ಕರೆ ಕಾಯಿಲೆ, ಮರೆವಿನ ಕಾಯಿಲೆ, ಸವೆಯುವ ಸ್ನಾಯು, ಎಲ್ಲದರ ಹಿಂದೆಯೂ ಈ ಸಣ್ಣ ಉರಿಯ ಕೈವಾಡ ಕಾಣುತ್ತದೆ. ಕೊಬ್ಬು, ಕರುಳು, ಹಳೇ ಸೋಂಕು ಹೀಗೆ ಅದಕ್ಕೆ ಕಾರಣ ಹಲವು. ಸೋರುವ ಮೈಟೋಕಾಂಡ್ರಿಯ ಅದರಲ್ಲಿ ಒಂದು.

ಸೋರಿಕೆ ಯಾಕೆ ಆಗುತ್ತದೆ? ಕೆಟ್ಟುಹೋದ ಮೈಟೋಕಾಂಡ್ರಿಯವನ್ನು ಜೀವಕೋಶವೇ ನುಂಗಿ ಅರಗಿಸಿಕೊಳ್ಳಬೇಕು. ಇದಕ್ಕೆ ಮೈಟೋಫೇಜಿ ಎನ್ನುತ್ತಾರೆ. ಪಿಂಕ್-1 ಎಂಬ ಪ್ರೋಟೀನ್ ಕೆಟ್ಟದ್ದರ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ‘ಇದನ್ನು ಎತ್ತಿಹಾಕಿ’ ಎಂದು ಚೀಟಿ ಅಂಟಿಸುತ್ತದೆ. ವಯಸ್ಸಾದಂತೆ ಈ ಕಸ ಎತ್ತುವ ಕೆಲಸ ನಿಧಾನವಾಗುತ್ತದೆ. ಎತ್ತದೇ ಬಿಟ್ಟ ಮೈಟೋಕಾಂಡ್ರಿಯದ ಪೊರೆ ಸಡಿಲವಾಗಿ ಡಿಎನ್‌ಎ ಹೊರಗೆ ಜಾರುತ್ತದೆ. ಜೀವಕೋಶದ ಒಳಗೆ ಸಿ-ಗ್ಯಾಸ್ ಎಂಬ ಕಾವಲು ಪ್ರೋಟೀನ್ ಇದೆ. ಡಿಎನ್‌ಎ ಇರಬಾರದ ಜಾಗದಲ್ಲಿ ಡಿಎನ್‌ಎ ಕಂಡರೆ ಅದು ವೈರಸ್ ಬಂತೆಂದೇ ಲೆಕ್ಕ ಹಾಕುತ್ತದೆ. ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಸ್ಟಿಂಗ್ ಎದ್ದರೆ ಉರಿಯೂತ ಶುರು.

ಇದು ಸುಮ್ನೆ ಊಹೆಯಲ್ಲ. 2018ರಲ್ಲಿ ಪಾರ್ಕಿನ್ ಅಥವಾ ಪಿಂಕ್-1 ಇಲ್ಲದ ಇಲಿಗಳನ್ನು ಸುಸ್ತಾಗುವವರೆಗೆ ಓಡಿಸಿ ನೋಡಿದರು. ಅವುಗಳ ರಕ್ತದಲ್ಲಿ ಉರಿಯೂತ ಜೋರಾಗಿ ಏರಿತು. ಅಂಥದೇ ಇಲಿಗಳಲ್ಲಿ ಸ್ಟಿಂಗ್ ಅನ್ನೂ ತೆಗೆದುಹಾಕಿದಾಗ ಉರಿಯೂತ ಇಲ್ಲವಾಯಿತು. ಪಿಂಕ್-1 ಮತ್ತು ಪಾರ್ಕಿನ್ ಜೀನ್‌ಗಳು ಕೆಟ್ಟುಹೋಗಿರುವವರಲ್ಲಿ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆ ಬರುವುದುಂಟು. ಪಾರ್ಕಿನ್‌ಗೆ ಆ ಹೆಸರು ಬಂದದ್ದೂ ಹಾಗೆಯೇ.

ಇಲ್ಲೊಂದು ಹಳೇ ಕಥೆಯನ್ನೂ ಹೇಳಿಬಿಡುತ್ತೇನೆ. ಮೈಟೋಕಾಂಡ್ರಿಯದಿಂದ ಹಾರುವ ಫ್ರೀ ರ‍್ಯಾಡಿಕಲ್ ಎಂಬ ಕಿಡಿಗಳು ದೇಹಕ್ಕೆ ತುಕ್ಕು ಹಿಡಿಸುತ್ತವೆ, ಅದೇ ಮುಪ್ಪು ಎಂದು ಬಹಳ ಕಾಲ ನಂಬಿದ್ದರು. 1956ರಲ್ಲಿ ಡೆನ್‌ಹ್ಯಾಮ್ ಹರ್ಮನ್ ಎಂಬ ಅಮೆರಿಕದ ವಿಜ್ಞಾನಿ ಮುಪ್ಪಿಗೆ ಈ ಕಿಡಿಗಳೇ ಕಾರಣ ಎಂದರು. 1972ರಲ್ಲಿ ಮೈಟೋಕಾಂಡ್ರಿಯದತ್ತ ಬೊಟ್ಟು ಮಾಡಿದರು. ಅವರು 98 ವರ್ಷ ಬದುಕಿದರು, ಅದು ಬೇರೆ ಮಾತು. ಆ ಯೋಚನೆಯ ಬೆನ್ನಿಗೇ ಕಿಡಿ ಆರಿಸುವ ಆಂಟಿಆಕ್ಸಿಡೆಂಟ್ ಗುಳಿಗೆಗಳ ದೊಡ್ಡ ವ್ಯಾಪಾರ ಎದ್ದಿತು.

ಆದರೆ 2004ರಲ್ಲಿ ಸ್ವೀಡನ್ನಿನಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎ ನಕಲು ಮಾಡುವಾಗ ತಪ್ಪು ಮಾಡುತ್ತಲೇ ಹೋಗುವ ಇಲಿಗಳನ್ನು ಬೆಳೆಸಿದರು. ಅವಕ್ಕೆ ಬೇಗನೆ ಕೂದಲು ಉದುರಿತು, ಬೆನ್ನು ಬಾಗಿತು, ಹೆಚ್ಚಿನವು ವರ್ಷ ತುಂಬುವ ಮೊದಲೇ ಸತ್ತವು. ಮಾಮೂಲಿ ಇಲಿ ಪ್ರಯೋಗಾಲಯದಲ್ಲಿ ಎರಡು ವರ್ಷಕ್ಕೂ ಮೇಲೆ ಬದುಕುತ್ತದೆ. ಕಿಡಿಗಳು ಎಷ್ಟಿದ್ದವು ಎಂದು ಮರುವರ್ಷ ಅಳೆದರೆ ಹೆಚ್ಚೇನೂ ಕಾಣಲಿಲ್ಲ. ತುಕ್ಕಿನ ಕಥೆಗೆ ಇದು ದೊಡ್ಡ ಪೆಟ್ಟು.

ಗುಳಿಗೆಗಳ ಗತಿ ಏನಾಯಿತು ಅಂತೀರಾ? 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ಜೊತೆಗೆ ವಿಟಮಿನ್ ಸಿ ಮತ್ತು ಇ ಎಂಬ ಆಂಟಿಆಕ್ಸಿಡೆಂಟ್‌ಗಳನ್ನು ಕೊಟ್ಟರು. ಗುಳಿಗೆ ನುಂಗದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ವ್ಯಾಯಾಮದಲ್ಲಿ ಹಾರುವ ಒಂದಿಷ್ಟು ಕಿಡಿ ದೇಹಕ್ಕೆ ‘ಎದ್ದೇಳು, ರಿಪೇರಿ ಮಾಡು’ ಎಂಬ ಕೂಗು. ಗುಳಿಗೆ ಆ ಕೂಗನ್ನೇ ಅಡಗಿಸಿತ್ತು. ಡಬ್ಬಿಯ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದನ್ನು ಕಂಡರೆ ನನಗೀಗ ನಗು ಬರುತ್ತದೆ.

ಸಿ-ಗ್ಯಾಸ್ ಮತ್ತು ಸ್ಟಿಂಗ್‌ನ ಸದ್ದು ಅಡಗಿಸುವ ಔಷಧಿಗಾಗಿ ಈಗ ಹುಡುಕಾಟ ನಡೆದಿದೆ. ಅಡ್ಡಿ ಏನೆಂದರೆ, ನಿಜವಾದ ವೈರಸ್ ಬಂದಾಗ ಕೂಗಿ ಎಬ್ಬಿಸಬೇಕಾದವರೂ ಇವರೇ. ಹಾಗಾಗಿ ಕಾವಲುಗಾರನ ಬಾಯಿ ಕಟ್ಟುವುದಕ್ಕಿಂತ ಸೋರಿಕೆ ತಡೆಯುವುದು ಜಾಣತನ ಎಂದು ನನಗನ್ನಿಸುತ್ತದೆ. ಅದಕ್ಕೆ ಸದ್ಯ ನಮ್ಮ ಕೈಲಿರುವ ದಾರಿ ಬಹಳ ಹಳೆಯದು. 1967ರಲ್ಲಿ, ಮಾರ್ಗುಲಿಸ್ ಅವರ ಲೇಖನ ಬಂದ ವರ್ಷವೇ, ಜಾನ್ ಹೊಲೊಸಿ ಎಂಬ ವೈದ್ಯರು ಹೆಗ್ಗಣಗಳನ್ನು ಮೂರು ತಿಂಗಳು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಕೊನೆಗೆ ಅವುಗಳ ಕಾಲಿನ ಸ್ನಾಯು ತೆಗೆದು ನೋಡಿದರೆ ಮೈಟೋಕಾಂಡ್ರಿಯದ ಆಮ್ಲಜನಕ ಬಳಸುವ ತಾಕತ್ತು ದುಪ್ಪಟ್ಟಾಗಿತ್ತು. ಓಡುವ ಸ್ನಾಯುವಿನಲ್ಲಿ ಹೊಸ ಮೈಟೋಕಾಂಡ್ರಿಯ ಹುಟ್ಟುವುದಷ್ಟೇ ಅಲ್ಲ, ಕೆಟ್ಟದ್ದನ್ನು ಎತ್ತಿಹಾಕುವ ಕೆಲಸವೂ ಚುರುಕಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ನಮಸ್ಕಾರ.