ಯಾವ ನೀರಿಗೆ ಯಾವ ಮೀನು

ಕೇಳುಗರಿಗೆ ನಮಸ್ಕಾರ.

ನದಿಯಲ್ಲಿ ಎಷ್ಟು ಬಗೆಯ ಮೀನುಗಳಿವೆ ಎಂದು ಕೇಳುವವರು ಬಹಳ. ಯಾವ ಮೀನು ನದಿಯ ಯಾವ ಭಾಗದಲ್ಲಿದೆ ಎಂದು ಕೇಳುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದು.

ಉಷ್ಣವಲಯದ ನದಿಯೊಂದು ಬೆಟ್ಟದಲ್ಲಿ ಹುಟ್ಟಿತು ಎಂದುಕೊಳ್ಳಿ. ಅಲ್ಲಿ ನೀರು ತಂಪು, ಹರಿವು ರಭಸ, ಆಮ್ಲಜನಕ ಧಾರಾಳ. ಆಹಾರ ಮಾತ್ರ ಅಷ್ಟಕ್ಕಷ್ಟೆ: ಮರದಿಂದ ಉದುರಿದ ಹುಳುಹುಪ್ಪಟೆ, ಕಲ್ಲಿಗೆ ಅಂಟಿದ ಪಾಚಿ. ಹಾಗಾಗಿ ಮೀನಿನ ಬಗೆಗಳೂ ಕಡಿಮೆ. ಆದರೆ ಇರುವವುಗಳನ್ನು ನೋಡಬೇಕು! ಏಷ್ಯಾದ ತೊರೆಗಳಲ್ಲಿ ಬಾಲಿಟೋರಾ ಎಂಬ ಪುಟ್ಟ ಮೀನುಗಳಿವೆ. ಚಪ್ಪಟೆ ಹೊಟ್ಟೆ, ಅಗಲವಾದ ಈಜುರೆಕ್ಕೆಗಳನ್ನು ಬಂಡೆಗೆ ಒತ್ತಿಕೊಂಡು ಎಂಥ ಸೆಳವಿನಲ್ಲೂ ಕಚ್ಚಿ ನಿಲ್ಲುತ್ತವೆ.

ಕೆಳಗಿಳಿದಂತೆ ಉಪನದಿಗಳು ಕೂಡುತ್ತವೆ, ಮಡು, ಮರಳು, ಜೊಂಡು ಎಲ್ಲವೂ ಸಿಗುತ್ತವೆ, ಬಗೆಗಳೂ ಏರುತ್ತವೆ. ಬಯಲಿಗೆ ನೆರೆ ಬಂದಾಗಲಂತೂ ಮೀನಿಗೆ ಸುಗ್ಗಿ. ಅಮೆಜಾನಿನ ಟಂಬಾಕಿ ಮೀನು ಮುಳುಗಿದ ಕಾಡಿನೊಳಗೇ ಈಜಿ ಹಣ್ಣು ತಿಂದು, ಬೀಜವನ್ನು ದೂರ ಒಯ್ದು ಬಿತ್ತುತ್ತದೆ. ನೆರೆ ಇಳಿದು ಹೊಂಡಗಳಷ್ಟೇ ಉಳಿದಾಗ ಕೊರವ, ಚೇಳುಮೀನಿನಂಥವು ಮೇಲೆದ್ದು ಗಾಳಿ ಕುಡಿದು ಬದುಕುತ್ತವೆ.

ಎಲ್ಲ ನದಿಗಳೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ ಅನ್ನಿ. ಕಾಂಗೋ ನದಿ ಸಮುದ್ರ ಸೇರುವ ಮೊದಲು ಮತ್ತೆ ಭೋರ್ಗರೆಯುತ್ತದೆ. ಅಲ್ಲಿ 200 ಮೀಟರಿಗೂ ಮಿಕ್ಕಿದ ಆಳವಿದೆ, ಬೆಳಕು ಕಾಣದ ಆ ಆಳದ ಕುರುಡು ಮೀನೂ ಇದೆ.

ಇಂಥ ನದಿಗೆ ಅಣೆಕಟ್ಟು ಬಿದ್ದರೆ? ಹರಿಯುವ ನೀರು ನಿಂತ ನೀರಾಗುತ್ತದೆ. ಬಂಡೆ ಕಚ್ಚುವ ಮೀನು ಅಲ್ಲಿಂದ ಕಾಣೆಯಾಗುತ್ತದೆ, ಆ ಜಾಗಕ್ಕೆ ಹೊರಗಿನಿಂದ ತಂದುಬಿಟ್ಟ ತಿಲಾಪಿಯಾ ಬರುತ್ತದೆ. ಒಂದು ಹೋಯಿತು, ಒಂದು ಬಂತು; ಪಟ್ಟಿಯ ಉದ್ದ ಅಷ್ಟೇ ಇರುತ್ತದೆ. ಎಣಿಕೆಯನ್ನೇ ನಂಬಿದವರಿಗೆ ನಷ್ಟ ಕಾಣಿಸುವುದೇ ಇಲ್ಲ.

ಮೀನು ಹತ್ತಲು ಅಣೆಕಟ್ಟಿಗೆ ಮೆಟ್ಟಿಲು ಕಟ್ಟಿದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಮಳೆಗಾಲದ ಹೊಸನೀರಿಗೆ ವಲಸೆ ಹೊರಡುವ ಅನೇಕ ಮೀನುಗಳ ಮೊಟ್ಟೆ, ಮರಿಗಳು ಹರಿವಿನೊಡನೆ ತೇಲುತ್ತಾ ಕೆಳಗಿನ ಬಯಲು ಸೇರಬೇಕು. ತಾಯಿ ಮೆಟ್ಟಿಲೇರಿ ದಾಟಿದರೂ, ಮೊಟ್ಟೆಗಳು ಜಲಾಶಯದ ನಿಶ್ಚಲ ನೀರಿಗೆ ಬಂದು ತಳಕ್ಕೆ ಇಳಿದುಬಿಡುತ್ತವೆ. ಮೆಟ್ಟಿಲು ಹತ್ತುವುದಕ್ಕಷ್ಟೇ ನೆರವಾಗುತ್ತದೆ; ಮರಿಗಳಿಗೆ ಬೇಕಾದದ್ದು ಹರಿವು.

ನಮಸ್ಕಾರ.